ಪಂದ್ಯಾಟಕ್ಕೆ ಮುಂಚಿನ ವಾದ



ಫುಟ್‌ಬಾಲ್ ವಿಶ್ವಕಪ್ ಬರುವ ವರ್ಷ ನಮ್ಮ ಕಾಸರಗೋಡು ಸೀಮೆಯ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ತಿರುವಿನಲ್ಲಿ ಅರ್ಜೆಂಟೀನದ ಬಾವುಟ, ಇನ್ನೊಂದರಲ್ಲಿ ಬ್ರೆಜಿಲಿನದು. ಚಾ ಅಂಗಡಿಯ ಬೆಂಚಿನ ಮೇಲೆ ಕುಳಿತವರು ತಮ್ಮ ತಮ್ಮ ತಂಡ ಗೆಲ್ಲುವುದಕ್ಕೆ ಹತ್ತು ಕಾರಣಗಳನ್ನು ಕನ್ನಡದಲ್ಲಿ ಆರಂಭಿಸಿ ಮಲಯಾಳದಲ್ಲಿ ಮುಗಿಸುತ್ತಾರೆ. ಆ ವಾದವನ್ನು ಕೇಳುತ್ತ ನಿಂತರೆ ಶಾಲೆಗೆ ತಡವಾಗುತ್ತದೆ, ನನಗೂ ಆಗಿದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಮಾತಿಗೆ ಮಾತು ಬೆಳೆಸುವಂತೆ ಅಲ್ಲಿಯೂ ಪೂರ್ವಪಕ್ಷ, ಖಂಡನೆ, ಸಿದ್ಧಾಂತ ಎಲ್ಲವೂ ಇರುತ್ತವೆ. ಇಲ್ಲದಿರುವುದು ಒಂದೇ: ಯಾವ ಮಾತಿಗೆ ಯಾವುದು ಆಧಾರ ಎಂಬ ವಿಚಾರ. ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಚರ್ಚಾಪಾಠ ಮಾಡುವಾಗ ನಾನು ಆರಿಸಿಕೊಂಡ ಉದಾಹರಣೆಯನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಫುಟ್‌ಬಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಅದರಲ್ಲಿ ನಿಮಗೆಲ್ಲ ಪಕ್ಷಪಾತವಿದೆ. ನಮಗೆ ಯಾರ ಮೇಲೂ ಪ್ರೀತಿ ದ್ವೇಷಗಳಿಲ್ಲದ ಆಟ ಬೇಕು. ಆದ್ದರಿಂದ ರಗ್ಬಿ.

ರಗ್ಬಿ ಎಂದರೆ ಮೊಟ್ಟೆಯಾಕಾರದ ಚೆಂಡಿನ ಆಟ. ಒಂದೊಂದು ಪಕ್ಷದಲ್ಲಿ 15 ಮಂದಿ, ಆಟದ ಅವಧಿ 80 ನಿಮಿಷ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ. ಚೆಂಡು ಹಿಡಿದವನನ್ನು ಎದುರಾಳಿಗಳು ಕಬಡ್ಡಿಯಲ್ಲಿ ಹಿಡಿದು ಕೆಡಹುವಂತೆ ಕೆಡಹುತ್ತಾರೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, ಅದಕ್ಕೆ 5 ಅಂಕ. ಬಳಿಕ ಕಂಬಗಳ ನಡುವೆ ಒದೆದರೆ ಇನ್ನೂ 2. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತಕ್ಕೆ 3. ಇಷ್ಟು ಸಾಕು. ಈ ಆಟಕ್ಕೂ ನಮ್ಮ ದೇಶಕ್ಕೂ ಒಂದು ನಂಟಿದೆಯೆಂದರೆ ನೀವು ನಂಬಲಿಕ್ಕಿಲ್ಲ. ಕಲ್ಕತ್ತೆಯ ಆಂಗ್ಲರ ರಗ್ಬಿ ಕ್ಲಬ್ಬೊಂದು 1878ರಲ್ಲಿ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಅದರ ಹಿಡಿಗಳು ನಾಗರಹಾವಿನ ಆಕಾರದವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ‘ಕಲ್ಕತ್ತ ಕಪ್’ಗಾಗಿಯೇ ಸೆಣಸುತ್ತ ಬಂದಿವೆ.

ಇನ್ನು ವಿಷಯಕ್ಕೆ ಬರೋಣ. ರಗ್ಬಿಯ ವಿಶ್ವಕಪ್ 1987ರಲ್ಲಿ ಆರಂಭವಾಯಿತು. ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. 2023ರದ್ದು ಫ್ರಾನ್ಸಿನಲ್ಲಿ, ಸೆಪ್ಟೆಂಬರ್ 8ರಿಂದ ಅಕ್ಟೋಬರ್ 28ರ ತನಕ ನಡೆಯಿತು. ಅದಕ್ಕೆ ಮುಂಚಿನ ಆಗಸ್ಟ್ ತಿಂಗಳಲ್ಲಿ ಅಭಿಮಾನಿಗಳೊಳಗೆ ನಡೆದ ವಾದವೇ ನಮ್ಮ ಪಾಠ. ಎಲ್ಲರ ಬಾಯಲ್ಲಿಯೂ ಒಂದೇ ಪದ: ‘ಫಾರ್ಮ್’.

ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕು? ಪತ್ರಿಕೆಯವರು ‘ಲಯ’ ಎನ್ನುತ್ತಾರೆ. ಆಟಗಾರ ಲಯ ಕಂಡುಕೊಂಡ, ಲಯ ತಪ್ಪಿದ. ಸಂಗೀತದಿಂದ ಬಂದ ಒಳ್ಳೆಯ ಮಾತು. ಇಂಗ್ಲಿಷಿನಲ್ಲಿ ಇದು ಕುದುರೆ ಪಂದ್ಯದವರ ಬಳಕೆಯ ಪದ. ಈ ಕುದುರೆ ಕಳೆದ ಕೆಲವು ಓಟಗಳಲ್ಲಿ ಹೇಗೆ ಓಡಿತು ಎಂಬ ದಾಖಲೆ. ಕಂಬಳದ ಕೋಣಗಳ ಬಗ್ಗೆ ನಿಮ್ಮ ಅಜ್ಜಂದಿರು ಮಾತನಾಡುವುದನ್ನು ಕೇಳಿ, ಅದೇ ಧಾಟಿ. ಆದರೆ ಲಯ ಎಂದರೂ ಫಾರ್ಮ್ ಎಂದರೂ ಅದರೊಳಗೆ ಎರಡು ಬೇರೆ ಪ್ರಶ್ನೆಗಳು ಅಡಗಿವೆ. ಇವರು ನಿನ್ನೆ ಹೇಗೆ ಆಡಿದರು ಎಂಬುದು ಒಂದು. ಇವರ ಯೋಗ್ಯತೆ ಎಷ್ಟು ಎಂಬುದು ಇನ್ನೊಂದು. ವಾದ ಮಾಡುವವರು ಮೊದಲನೆಯದಕ್ಕೆ ಉತ್ತರ ಕೊಟ್ಟು, ಎರಡನೆಯದಕ್ಕೂ ಕೊಟ್ಟೆವೆಂದು ತಿಳಿಯುತ್ತಾರೆ.

ನಾನೂ ಒಮ್ಮೆ ಹಾಗೆಯೇ ತಿಳಿದೆ. ಹಿಂದೆ ಬೇರೊಂದು ಶಾಲೆಯಲ್ಲಿದ್ದಾಗ ಉಪಜಿಲ್ಲಾ ಮಟ್ಟದ ಭಾಷಣ ಸ್ಪರ್ಧೆಗೆ ಒಬ್ಬರನ್ನು ಆರಿಸಬೇಕಾಗಿತ್ತು. ಎರಡು ವರ್ಷ ಶಾಲೆಯಲ್ಲಿ ಪ್ರಥಮ ಬಂದಿದ್ದ ಹುಡುಗಿ ಆಯ್ಕೆಯ ದಿನ ನಡುವೆ ತಡವರಿಸಿ ನಿಂತುಬಿಟ್ಟಳು. ನಾನು ಇನ್ನೊಬ್ಬನ ಹೆಸರು ಬರೆದೆ. ಅವಳೇನೂ ದೂರಲಿಲ್ಲ, ಆ ಹುಡುಗನಿಗೆ ಬೇಕಾದ ಅಂಶಗಳನ್ನು ಕುಳಿತು ಬರೆದುಕೊಟ್ಟಳು. ಮರುವರ್ಷ ಹೆಸರು ಕೊಡುವಂತೆ ಹೇಳಿದರೆ, “ಬೇಡ, ನನಗೆ ಆಗುವುದಿಲ್ಲ” ಎಂದಳು. ಒಂದು ಮಧ್ಯಾಹ್ನದ ಹತ್ತು ನಿಮಿಷಗಳನ್ನು ನಾನು ಎರಡು ವರ್ಷಗಳಿಗಿಂತ ಭಾರವೆಂದು ತೂಗಿದ್ದೆ. ಅವಳು ನನ್ನ ತಕ್ಕಡಿಯನ್ನೇ ನಂಬಿದಳು.

ರಗ್ಬಿಗೆ ಮರಳೋಣ. 2023ರ ಜುಲೈ 15ರಂದು ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ದಕ್ಷಿಣ ಆಫ್ರಿಕವನ್ನು 35–20ರಿಂದ ಸೋಲಿಸಿತು. ಅಭಿಮಾನಿಗಳು, ನ್ಯೂಜಿಲೆಂಡ್ ಲಯಕ್ಕೆ ಮರಳಿತು ಎಂದರು. ಆರು ವಾರ ಕಳೆಯಿತು. ಆಗಸ್ಟ್ 25ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಅದೇ ಎರಡು ತಂಡಗಳು ಎದುರಾದಾಗ ದಕ್ಷಿಣ ಆಫ್ರಿಕ 35–7ರಿಂದ ಗೆದ್ದಿತು. ನ್ಯೂಜಿಲೆಂಡಿನ ಚರಿತ್ರೆಯಲ್ಲೇ ಅಷ್ಟು ಅಂತರದ ಸೋಲು ಇರಲಿಲ್ಲ. ಈಗ ಅದೇ ಅಭಿಮಾನಿಗಳು, ನ್ಯೂಜಿಲೆಂಡಿನ ಕಾಲ ಮುಗಿಯಿತು ಎಂದರು. ಮರುದಿನ ಅದೇ ಮೈದಾನದಲ್ಲಿ ಇಂಗ್ಲೆಂಡ್ ಫಿಜಿಗೆ 30–22ರಿಂದ ಸೋತಿತು. ಫಿಜಿಗೆ ಇಂಗ್ಲೆಂಡಿನ ಮೇಲೆ ಅದೇ ಮೊದಲ ಜಯ. ಆ ಆಗಸ್ಟಿನಲ್ಲಿ ಇಂಗ್ಲೆಂಡ್ ಆಡಿದ್ದು ನಾಲ್ಕು ಪಂದ್ಯ, ಸೋತದ್ದು ಮೂರು. ಆಸ್ಟ್ರೇಲಿಯ ಆ ವರ್ಷ ವಿಶ್ವಕಪ್ಪಿಗೆ ಮುಂಚೆ ಆಡಿದ ಐದನ್ನೂ ಸೋತಿತ್ತು. ಅತ್ತ ಐರ್ಲೆಂಡ್ 2022ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಸರಣಿ ಗೆದ್ದು, 2023ರಲ್ಲಿ ಆರು ರಾಷ್ಟ್ರಗಳ ಪಂದ್ಯಾಟವನ್ನು ಸೋಲಿಲ್ಲದೆ ಮುಗಿಸಿ, ಜಗತ್ತಿನ ಮೊದಲ ಸ್ಥಾನದಲ್ಲಿತ್ತು.

ಇಲ್ಲಿ ಐರ್ಲೆಂಡಿನ ಬಗ್ಗೆ ನಡೆದ ವಾದ ಅತ್ಯಂತ ಸ್ವಾರಸ್ಯಕರವಾದದ್ದು. ಒಂದು ಪಕ್ಷ ಹೇಳಿತು: ಇವರಷ್ಟು ಸ್ಥಿರವಾಗಿ ಗೆದ್ದವರು ಈಗ ಯಾರೂ ಇಲ್ಲ, ಆದ್ದರಿಂದ ಕಪ್ಪು ಇವರದೇ. ಪ್ರತಿಪಕ್ಷ ಹೇಳಿತು: ಐರ್ಲೆಂಡ್ ಇದುವರೆಗೆ 7 ಸಲ ಕ್ವಾರ್ಟರ್ ಫೈನಲ್ ತಲುಪಿದೆ, ಏಳು ಸಲವೂ ಅಲ್ಲಿಯೇ ಸೋತಿದೆ, ಈ ಸಲವೂ ಹಾಗೆಯೇ. ಎರಡೂ ಮಾತುಗಳ ಆಧಾರ ಸತ್ಯವೇ. ಆದರೆ 1987ರಲ್ಲಿ ಸೋತ ಆಟಗಾರರಲ್ಲಿ ಒಬ್ಬನೂ 2023ರಲ್ಲಿ ಆಡುವವನಲ್ಲ. ಅಪ್ಪ ಗಣಿತದಲ್ಲಿ ಅನುತ್ತೀರ್ಣನಾದದ್ದು ಮಗನ ಉತ್ತರಪತ್ರಿಕೆಯನ್ನು ತಿದ್ದಲು ಆಧಾರವಾಗುತ್ತದೆಯೇ? ಹಾಗಾದರೆ ಈ ಹಳೆಯ ಲೆಕ್ಕಕ್ಕೆ ಬೆಲೆಯೇ ಇಲ್ಲವೇ? ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಒಳ್ಳೆಯ ಉತ್ತರ ಕೊಟ್ಟ: “ಜನ ಅದನ್ನು ಪ್ರತಿದಿನ ಕೇಳುತ್ತಾ ಇದ್ದರೆ ಆಟಗಾರರ ಮನಸ್ಸಿಗೆ ಹತ್ತುತ್ತದಲ್ಲ ಟೀಚರ್!” ಒಪ್ಪತಕ್ಕ ಮಾತು. ಅಂದರೆ ದಾಖಲೆಯು ಕಾರಣವಲ್ಲ, ದಾಖಲೆಯ ಭಯ ಕಾರಣವಾಗಬಹುದು. ಈ ಎರಡನ್ನು ಬಿಡಿಸಿ ನೋಡುವುದೇ ತರ್ಕ.

ಹಾಗಿದ್ದರೆ ಯೋಗ್ಯತೆಯನ್ನು ಅಳೆಯುವುದು ಹೇಗೆ? ರಗ್ಬಿಯ ಅಂತರರಾಷ್ಟ್ರೀಯ ಮಂಡಳಿಯು 2003ರಿಂದ ಶ್ರೇಯಾಂಕದ ಒಂದು ಲೆಕ್ಕವನ್ನು ಇಟ್ಟಿದೆ. ಲೆಕ್ಕದ ಮೇಷ್ಟ್ರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ರತಿಯೊಂದು ತಂಡಕ್ಕೂ 0ಯಿಂದ 100ರೊಳಗೆ ಒಂದು ಸಂಖ್ಯೆ. ಎರಡು ತಂಡಗಳು ಆಡಿದಾಗ ಒಬ್ಬರು ಪಡೆದಷ್ಟನ್ನು ಇನ್ನೊಬ್ಬರು ಕಳೆದುಕೊಳ್ಳುತ್ತಾರೆ. ಒಂದು ತಂಡಕ್ಕೆ 90, ಇನ್ನೊಂದಕ್ಕೆ 86 ಎಂದಿಟ್ಟುಕೊಳ್ಳಿ. ಅಂತರ 4, ಅದರ ಹತ್ತನೇ ಒಂದು ಪಾಲು 0.4. ದೊಡ್ಡ ತಂಡ ಗೆದ್ದರೆ ಅದಕ್ಕೆ ಸಿಗುವುದು 1ರಿಂದ 0.4 ಕಳೆದು 0.6 ಮಾತ್ರ. ಚಿಕ್ಕದು ಗೆದ್ದರೆ 1ಕ್ಕೆ 0.4 ಕೂಡಿ 1.4. ಪಂದ್ಯ ಸಮವಾದರೂ ಚಿಕ್ಕದಕ್ಕೆ 0.4 ಬರುತ್ತದೆ. ಅಂತರ 10 ಅಥವಾ ಹೆಚ್ಚಿದ್ದರೆ ದೊಡ್ಡವನಿಗೆ ಗೆದ್ದರೂ ಏನೂ ಇಲ್ಲ. ಸ್ವಂತ ಊರಿನಲ್ಲಿ ಆಡುವವರಿಗೆ ಲೆಕ್ಕದ ಮಟ್ಟಿಗೆ 3 ಹೆಚ್ಚೆಂದು ಹಿಡಿಯುತ್ತಾರೆ, ಏಕೆಂದರೆ ಮನೆಯಂಗಳದ ಗೆಲುವು ಸುಲಭ. 15ಕ್ಕಿಂತ ಹೆಚ್ಚು ಅಂಕಗಳ ಅಂತರದಿಂದ ಗೆದ್ದರೆ ಒಂದೂವರೆ ಪಾಲು. ವಿಶ್ವಕಪ್ಪಿನಲ್ಲಿ ಎರಡು ಪಾಲು.

ಈ ಲೆಕ್ಕದಲ್ಲಿ ನನಗೆ ಹಿಡಿಸಿದ್ದು, ಯಾರ ಮೇಲೆ ಗೆದ್ದೆ ಎಂದು ಅದು ಕೇಳುತ್ತದೆ. ಬರೇ ಗೆಲುವುಗಳನ್ನು ಎಣಿಸುವ ಅಭಿಮಾನಿ ಆ ಪ್ರಶ್ನೆಯನ್ನು ಮರೆಯುತ್ತಾನೆ.

ಆದರೆ ಒಳ್ಳೆಯ ತಕ್ಕಡಿಯನ್ನು ತಪ್ಪು ದಿನ ಬಳಸಿದರೆ? 2023ರ ವಿಶ್ವಕಪ್ಪಿನ ಗುಂಪುಗಳನ್ನು ಚೀಟಿಯೆತ್ತಿ ಆರಿಸಿದ್ದು 2020ರ ಡಿಸೆಂಬರ್ 14ರಂದು; ಅದಕ್ಕೆ ಹಿಡಿದ ಶ್ರೇಯಾಂಕ 2020ರ ಜನವರಿ 1ರದು, ಕೊರೋನಾದಿಂದ ನಡುವೆ ಆಟಗಳು ನಿಂತಿದ್ದವೆಂದು. ಪಂದ್ಯಾಟ ಬರುವಷ್ಟರಲ್ಲಿ ಮೂರೂವರೆ ವರ್ಷಗಳು ದಾಟಿದ್ದವು. ಪರಿಣಾಮವಾಗಿ ಆಗಿನ ಮೊದಲ ಐದು ತಂಡಗಳು, ಎಂದರೆ ಐರ್ಲೆಂಡ್, ದಕ್ಷಿಣ ಆಫ್ರಿಕ, ಫ್ರಾನ್ಸ್, ನ್ಯೂಜಿಲೆಂಡ್, ಸ್ಕಾಟ್ಲೆಂಡ್, ಎರಡೇ ಗುಂಪುಗಳಲ್ಲಿ ಸಿಕ್ಕಿಕೊಂಡವು. ಆ ಎರಡು ಗುಂಪುಗಳಿಂದ ಗೆದ್ದುಬಂದವರು ಕ್ವಾರ್ಟರ್ ಫೈನಲಿನಲ್ಲಿ ತಮ್ಮತಮ್ಮೊಳಗೇ ಹೋರಾಡಬೇಕಾಗಿತ್ತು. ಆಗಸ್ಟಿನಲ್ಲಿ ಮೂರು ಪಂದ್ಯ ಸೋತ ಇಂಗ್ಲೆಂಡಿಗೆ ಮಾತ್ರ ಎದುರಿನ ದಾರಿ ಅಗಲವಾಗಿತ್ತು. “ಇಂಗ್ಲೆಂಡ್ ಕೆಟ್ಟದಾಗಿ ಆಡುತ್ತಿದೆ, ಆದರೂ ಸೆಮಿಫೈನಲ್ ಸೇರುತ್ತದೆ” ಎಂದು ಕೆಲವರು ವಾದಿಸಿದರು. ಕೇಳಿದವರು ನಕ್ಕಿರಬೇಕು. ಆದರೆ ಅವರು ತಂಡವನ್ನಷ್ಟೇ ನೋಡದೆ ದಾರಿಯನ್ನೂ ನೋಡಿದವರು. ಅವರ ಪಕ್ಷಕ್ಕೆ ಹಳೆಯ ಸಾಕ್ಷಿಯೂ ಇತ್ತು. 2007ರಲ್ಲಿ ಇಂಗ್ಲೆಂಡ್ ಗುಂಪಿನ ಪಂದ್ಯದಲ್ಲಿ ದಕ್ಷಿಣ ಆಫ್ರಿಕಕ್ಕೆ 36–0ರಿಂದ ಸೋತು, ಅದೇ ಪಂದ್ಯಾಟದ ಫೈನಲ್ ತಲುಪಿತ್ತು. 2011ರಲ್ಲಿ ಫ್ರಾನ್ಸ್ ಟೊಂಗಾದಂಥ ಪುಟ್ಟ ದ್ವೀಪರಾಷ್ಟ್ರಕ್ಕೆ ಸೋತು, ಫೈನಲಿನಲ್ಲಿ ನ್ಯೂಜಿಲೆಂಡಿಗೆ ಒಂದೇ ಅಂಕದಿಂದ, 8–7ರಿಂದ, ಮಣಿದಿತ್ತು.

ಮುಂದೆ ನಡೆದುದನ್ನು ಬೇಗ ಹೇಳಿಬಿಡುತ್ತೇನೆ. ಆಸ್ಟ್ರೇಲಿಯ ಮೊದಲ ಬಾರಿಗೆ ಗುಂಪಿನ ಹಂತದಲ್ಲಿಯೇ ಹೊರಬಿತ್ತು. ಅಲ್ಲಿ ಫಾರ್ಮ್ ನೋಡಿದವರ ಮಾತು ನಿಜವಾಯಿತು. ಫಿಜಿ ಆಸ್ಟ್ರೇಲಿಯವನ್ನು ಸೋಲಿಸಿ, ಪೋರ್ಚುಗಲ್‌ಗೆ 24–23ರಿಂದ ಸೋತಿತು. ಇದಕ್ಕೆ ಯಾವ ವಾದಿಯೂ ಸಿದ್ಧನಿರಲಿಲ್ಲ. ಇಂಗ್ಲೆಂಡ್ ಸೆಮಿಫೈನಲ್ ಸೇರಿತು. ಐರ್ಲೆಂಡ್ ದಕ್ಷಿಣ ಆಫ್ರಿಕವನ್ನು 13–8ರಿಂದ ಸೋಲಿಸಿ, ಸತತ 17 ಗೆಲುವುಗಳೊಂದಿಗೆ ಕ್ವಾರ್ಟರ್ ಫೈನಲಿಗೆ ಬಂದು, ‘ಕಾಲ ಮುಗಿದ’ ನ್ಯೂಜಿಲೆಂಡಿಗೆ 28–24ರಿಂದ ಸೋತಿತು. ಆ ಹದಿನೇಳಕ್ಕೂ ಮೊದಲಿನ ಸೋಲು ಕೂಡ ನ್ಯೂಜಿಲೆಂಡಿನಿಂದಲೇ ಬಂದಿತ್ತು. ಆರು ವಾರಗಳೊಳಗೆ ಒಮ್ಮೆ 15 ಅಂಕಗಳಿಂದ ಅತ್ತ, ಒಮ್ಮೆ 28 ಅಂಕಗಳಿಂದ ಇತ್ತ ತೂಗಿದ್ದ ಎರಡು ತಂಡಗಳೇ ಫೈನಲಿನಲ್ಲಿ ಎದುರಾದವು. ಫಲಿತಾಂಶ: ದಕ್ಷಿಣ ಆಫ್ರಿಕ 12, ನ್ಯೂಜಿಲೆಂಡ್ 11.

ದಕ್ಷಿಣ ಆಫ್ರಿಕ ಕ್ವಾರ್ಟರ್ ಫೈನಲಿನಲ್ಲಿ ಫ್ರಾನ್ಸನ್ನು ಗೆದ್ದದ್ದು 29–28, ಸೆಮಿಫೈನಲಿನಲ್ಲಿ ಇಂಗ್ಲೆಂಡನ್ನು 16–15. ಮೂರು ಪಂದ್ಯಗಳು, ಮೂರಕ್ಕೂ ಒಂದೊಂದೇ ಅಂಕ. ಈ ಒಂದು ಅಂಕದ ಒಳಗೆ ಏನೇನಿದೆ ನೋಡಿ. ಫ್ರಾನ್ಸಿನ ತೋಮಾ ರಾಮೋಸ್ 2 ಅಂಕದ ಒದೆತಕ್ಕೆ ಕಾಲೆತ್ತುವಷ್ಟರಲ್ಲಿ ಚೆಸ್ಲಿನ್ ಕೋಲ್ಬಿ ಎಂಬ ಚಿಕ್ಕ ಆಳು ಓಡಿಬಂದು ಚೆಂಡನ್ನು ತಡೆದ. ಅದು ಹೋಗಿದ್ದರೆ ಫ್ರಾನ್ಸಿಗೆ 30. ಇನ್ನೊಂದು: ಐರ್ಲೆಂಡಿಗೆ ಸೋತ ದಿನ ದಕ್ಷಿಣ ಆಫ್ರಿಕದ ಒದೆತಗಳು ಹಲವು ಗುರಿ ತಪ್ಪಿದ್ದವು. ಇವರಿಗೆ ಒದೆಯುವವನಿಲ್ಲ, ಕಪ್ಪು ಗೆಲ್ಲಲಾರರು ಎಂಬ ವಾದಕ್ಕೆ ಎದುರಾಡುವುದು ಕಷ್ಟವಾಗಿತ್ತು. ಆ ವೇಳೆಗಾಗಲೇ ಮಾಲ್ಕಮ್ ಮಾರ್ಕ್ಸ್ ಎಂಬ ಬಲಿಷ್ಠ ಆಟಗಾರನ ಮೊಣಕಾಲಿಗೆ ಪೆಟ್ಟಾಗಿ, ಅವನ ಜಾಗಕ್ಕೆ ಹಾಂಡ್ರೆ ಪೊಲಾರ್ಡ್ ಎಂಬ ಒದೆತಗಾರನನ್ನು ಕರೆಸಿಕೊಂಡಿದ್ದರು. ಇಂಗ್ಲೆಂಡಿನ ಎದುರು ಕೊನೆಯ ಕೆಲವು ನಿಮಿಷಗಳಲ್ಲಿ ದೂರದಿಂದ ಒದೆದು ಗೆಲ್ಲಿಸಿದವನೂ, ಫೈನಲಿನ 12 ಅಂಕಗಳನ್ನೂ ಒಬ್ಬನೇ ಗಳಿಸಿದವನೂ ಅವನೇ. ಆಗಸ್ಟಿನಲ್ಲಿ ಪ್ರಕಟವಾದ 33 ಮಂದಿಯ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ!

ಆದುದರಿಂದ ಆಗಸ್ಟಿನ ವಾದಿಗಳೆಲ್ಲ ವ್ಯರ್ಥವಾಗಿ ಮಾತಾಡಿದರೆನ್ನಬೇಕೇ? ನನಗೆ ಹಾಗನ್ನಿಸುವುದಿಲ್ಲ. ‘ಐರ್ಲೆಂಡ್ ಗೆದ್ದೇ ಗೆಲ್ಲುತ್ತದೆ’ ಎಂದವನು ಕಪ್ಪು ಕೈತಪ್ಪಿದ್ದರಿಂದ ತಪ್ಪಿತಸ್ಥನಾಗಲಿಲ್ಲ, ‘ಗೆದ್ದೇ’ ಎಂಬ ಒಂದು ಪದದಿಂದ ಆದ. ‘ಐದಾರು ತಂಡಗಳ ನಡುವೆ ಕೂದಲೆಳೆಯ ಅಂತರ, ಅವುಗಳಲ್ಲಿ ಐರ್ಲೆಂಡ್ ಸ್ವಲ್ಪ ಮುಂದೆ’ ಎಂದವನ ಮಾತು ಐರ್ಲೆಂಡ್ ಸೋತ ಮೇಲೂ ಸರಿಯಾಗಿಯೇ ಉಳಿಯಿತು. ಕನ್ನಡದಲ್ಲಿ ‘ಬಹುದು’, ‘ಲಿಕ್ಕಿಲ್ಲ’, ‘ಬಹುಶಃ’ ಎಂಬ ಪ್ರಯೋಗಗಳನ್ನು ವ್ಯಾಕರಣದ ಪಿರಿಯಡಿನಲ್ಲಿ ಬೇಸರದಿಂದ ಕಲಿಯುತ್ತೀರಲ್ಲ, ಅವುಗಳ ಕೆಲಸ ಇಲ್ಲಿ.

ಹೆತ್ತವರಲ್ಲಿ ಒಂದು ಮಾತು. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ಸಹಿ ಹಾಕುವಾಗ, ಅದರಲ್ಲಿರುವುದು ಡಿಸೆಂಬರ್ ತಿಂಗಳ ಫಾರ್ಮ್. ಕಳೆದ ಎರಡು ವರ್ಷಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಬೈಯುವುದಿದ್ದರೆ ಬೈಯಿರಿ.

ಮುಂದಿನ ರಗ್ಬಿ ವಿಶ್ವಕಪ್ 2027ರ ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಆಸ್ಟ್ರೇಲಿಯದಲ್ಲಿ. ತಂಡಗಳು 20ರ ಬದಲು 24. ಈ ಬಾರಿ ಗುಂಪುಗಳನ್ನು ಆರಿಸಿದ್ದು 2025ರ ಡಿಸೆಂಬರಿನಲ್ಲಿ, ಪಂದ್ಯಾಟಕ್ಕೆ ಎರಡು ವರ್ಷಗಳೂ ಇಲ್ಲದಿರುವಾಗ.

ಅಭ್ಯಾಸಕ್ಕೆ ಎರಡು ಪ್ರಶ್ನೆಗಳು. ಆತಿಥೇಯ ತಂಡಕ್ಕೆ 82 ಅಂಕ, ಎದುರಾಳಿಗೆ 88 ಅಂಕ ಇದ್ದು, ವಿಶ್ವಕಪ್ಪಿನ ಪಂದ್ಯದಲ್ಲಿ ಆತಿಥೇಯರು 5 ಅಂಕಗಳ ಅಂತರದಿಂದ ಗೆದ್ದರೆ ಅವರ ಹೊಸ ಶ್ರೇಯಾಂಕದ ಸಂಖ್ಯೆ ಎಷ್ಟು? ಎರಡನೆಯದು: ನಿಮ್ಮ ಚಾ ಅಂಗಡಿಯಲ್ಲಿ ಕೇಳಿದ ಒಂದು ಫುಟ್‌ಬಾಲ್ ವಾದವನ್ನು ಕೇಳಿದಂತೆಯೇ ಬರೆದು, ಅದರಲ್ಲಿ ಎಷ್ಟು ಆಧಾರಗಳಿವೆ, ಎಷ್ಟು ಬರೇ ಪ್ರೀತಿ ಎಂಬುದನ್ನು ಗೆರೆ ಹಾಕಿ ತೋರಿಸಿರಿ. ಶಾಲೆ ತೆರೆದ ಮೊದಲ ವಾರ ನೋಟುಪುಸ್ತಕಗಳನ್ನು ನೋಡುತ್ತೇನೆ.