ಮಗ್ಗದ ಮನೆಗೆ ಬಾರದ ಲೆಕ್ಕದ ಪುಸ್ತಕ

ಕಸುಬಿನಲ್ಲಿ ಪಳಗಿದವರು ತಾವಾಗಿಯೇ ಮುಂದಾಳುಗಳಾಗುತ್ತಾರೆ ಎಂಬ ನಂಬಿಕೆ ಮಾನವ ಸಂಪನ್ಮೂಲದ ಕೆಲಸದಲ್ಲಿ ಬಲವಾಗಿ ಬೇರೂರಿದೆ. ನನ್ನಲ್ಲೂ ಅದು ಬಹಳ ಕಾಲ ಇತ್ತು. ಕರ್ನಾಟಕದ ಗಡಿಗೆ ಹತ್ತಿದ ತೆಲಂಗಾಣದ ನಾರಾಯಣಪೇಟೆ, ಗದ್ವಾಲದ ಕೈಮಗ್ಗ ಮತ್ತು ಮಕ್ತಲ್ ಸೀಮೆಯ ಗುಳೆ, ಇವೆರಡನ್ನೂ ಒಟ್ಟಿಗಿಟ್ಟು ಯೋಚಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಕೈಗೆ ಕೆಲಸ ಕಲಿಸಿದರಷ್ಟೇ ಸಾಲದು. ಆ ಕೆಲಸದ ಲೆಕ್ಕವನ್ನು ಬಿಚ್ಚಿ ತೋರಿಸದೆ ಯಾರನ್ನೂ ಮುಂದಾಳಾಗಿ ಬೆಳೆಸಲಾಗದು ಎಂಬುದು ನಾನು ಕಲಿತ ಪಾಠ.

ಗದ್ವಾಲ ಸೀರೆಯನ್ನೇ ನೋಡಿ. ಒಡಲು ಹತ್ತಿಯದು, ಅಂಚು ಸೆರಗುಗಳು ರೇಷ್ಮೆಯವು. ಮೂರು ಲಾಳಿಗಳು ಓಡುತ್ತವೆ. ಒಡಲಿನ ಹೊಕ್ಕು ಅಂಚಿನ ಹೊಕ್ಕನ್ನು ಸಂಧಿಸುವ ಕಡೆಯೆಲ್ಲ ಎಳೆಗೆ ಎಳೆ ಕೊಂಡಿ ಹಾಕಬೇಕು. ಅದಕ್ಕಾಗಿ ಒಂದೇ ಮಗ್ಗಕ್ಕೆ ಇಬ್ಬರು ಕೂರುವುದೂ ಉಂಟು. ಇಳಕಲ್ಲಿನ ತೋಪ್ ತೆನಿಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಜೋಡಿಸುವ ನೈಪುಣ್ಯ ಬಲ್ಲವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ನಾರಾಯಣಪೇಟೆಯ ಪದ್ಧತಿಯಲ್ಲಿ ಒಂದೇ ಹಾಸಿನಿಂದ ಎಂಟು ಸೀರೆ ಇಳಿಯುತ್ತವೆ. ಎಂದರೆ ಮೊದಲ ಸೀರೆಗೆ ಲಾಳಿ ಎಸೆಯುವ ಹೊತ್ತಿಗೇ ಎಂಟನೆಯದರ ಹಾಸಿನ ಬಣ್ಣವೂ ಗೊತ್ತಾಗಿರಬೇಕು. ಮುಂದಾಲೋಚನೆ, ಗುಣಮಟ್ಟದ ಎಚ್ಚರ, ಜೊತೆಗಾರರ ಹೊಂದಾಣಿಕೆ, ದೊಡ್ಡ ಕಂಪನಿಗಳು ದುಡ್ಡು ಸುರಿದು ಕಲಿಸಲು ಹೆಣಗುವ ಈ ಗುಣಗಳೆಲ್ಲ ಮಗ್ಗದ ಗುಂಡಿಯಲ್ಲೇ ಇವೆ. ಆದರೆ ಸಾಹುಕಾರ ನೂಲು, ನಮೂನೆ ಕೊಟ್ಟು ಸೀರೆಗಿಷ್ಟು ಎಂದು ಕೂಲಿ ಎಣಿಸುವ ಏರ್ಪಾಟಿನಲ್ಲಿ ನೂಲಿನ ದರ, ಮಾರಿದ ಬೆಲೆ, ಉಳಿದ ಲಾಭ ನೇಕಾರರ ಕಣ್ಣಿಗೆ ಬೀಳುವುದಿಲ್ಲ. 2019–20ರ ನಾಲ್ಕನೆಯ ಕೈಮಗ್ಗ ಗಣತಿಯಂತೆ ದೇಶದ 35.22 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು. ಮೂರರಲ್ಲಿ ಸುಮಾರು ಎರಡು ಕುಟುಂಬಗಳ ತಿಂಗಳ ವರಮಾನ ಆಗ 5,000 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಇಷ್ಟು ಕೌಶಲಕ್ಕೆ ಇಷ್ಟೇ ಗಳಿಕೆ ಎಂದರೆ ಕೊರತೆ ಕೈಯಲ್ಲಿಲ್ಲ.

ಗುಳೆಯ ಕಥೆ ಇದರ ಇನ್ನೊಂದು ಮಗ್ಗುಲು. ಮಕ್ತಲ್ ಸೇರಿದ್ದ ಹಳೆಯ ಮಹಬೂಬನಗರ ಜಿಲ್ಲೆಯ 'ಪಾಲಮೂರು ಲೇಬರ್' ಎಂಬ ಕೂಲಿಪಡೆ ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳ ಮಣ್ಣು ಹೊತ್ತಿದೆ. ಅಲ್ಲಿ ಆಳು ಕೂಡಿಸುವವನು, ಮುಂಗಡ ಕೊಡುವವನು, ಬಟವಾಡೆ ಮಾಡುವವನು ಮೇಸ್ತ್ರಿಯೊಬ್ಬನೇ. ಅವನು ಎಲ್ಲರಿಗಿಂತ ಚೆನ್ನಾಗಿ ಗುದ್ದಲಿ ಹಿಡಿಯುತ್ತಾನೆಂದು ಮುಂದಾಳಾದವನಲ್ಲ. ಲೆಕ್ಕ ಅವನ ಕೈಯಲ್ಲಿದೆ, ಅದಕ್ಕೇ ಆದವನು. ಇದನ್ನು ಬಲ್ಲವರೇ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಬರೆದಿರಬೇಕು. ಕೂಲಿಯ ದರ, ಮುರಿದುಕೊಳ್ಳುವ ಹಣ ಎಲ್ಲವನ್ನೂ ನಮೂದಿಸಿದ ಪಾಸ್‌ಬುಕ್ಕನ್ನು ಕಾರ್ಮಿಕನ ಭಾಷೆಯಲ್ಲೂ ಕೊಡಬೇಕೆಂದು ಅದು ವಿಧಿಸಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಈ ಗಡಿಯಲ್ಲಿ ಆ ಮಾತಿಗೆ ಎಷ್ಟು ತೂಕವಿದೆ! ಓದಲು ಬಾರದ ಲೆಕ್ಕ ಇದ್ದೂ ಇಲ್ಲದಂತೆ.

ಈ ಲೆಕ್ಕ ಕಲಿಯಲು ಮಗ್ಗ ಬಿಟ್ಟು ತರಬೇತಿಗೆ ಕೂತರೆ ಅಂದಿನ ಕೂಲಿ ಹೋಯಿತು, ಬಡವರಿಗೆ ಇದೆಲ್ಲ ಎಲ್ಲಿ ಎಟಕುತ್ತದೆ ಎಂದು ಕೇಳುವವರಿದ್ದಾರೆ. ಆಕ್ಷೇಪ ನಿಜ. ಅದಕ್ಕೇ ಕಲಿಯುವ ದಿನಕ್ಕೂ ನೇಯುವ ದಿನದಷ್ಟೇ ಕೂಲಿ ಸಲ್ಲಬೇಕು. ಕಚೇರಿಯ ನೌಕರರಿಗೆ ತರಬೇತಿಯ ದಿನ ಸಂಬಳ ಕಡಿಯುವುದಿಲ್ಲವಲ್ಲ. ಸಹಕಾರ ಸಂಘಗಳಿವೆ, ಚುನಾಯಿತ ಮಂಡಳಿಗಳಿವೆ, ಇನ್ನೇನು ಬೇಕು ಎಂಬುದು ಎರಡನೆಯ ವಾದ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡಿನಿಂದ ಬಂದು ಸಹಕಾರವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸದಸ್ಯತ್ವ ಮಗ್ಗದ ಯಜಮಾನನ ಹೆಸರಿಗೆ ನಿಂತುಬಿಟ್ಟರೆ ಕಂಡಿಕೆ ಸುತ್ತುವ, ಹಾಸು ಹೂಡುವ ಹೆಂಗಸಿಗೆ ಮಂಡಳಿಯ ಬಾಗಿಲು ಮುಚ್ಚಿದಂತೆಯೇ. ಕಲಿತವರು ಹೈದರಾಬಾದಿಗೆ ಹೊರಟುಹೋಗುತ್ತಾರೆಂಬ ಭಯವೂ ಇದೆ. ಕಲಿಯದವರೂ ಹೋಗುತ್ತಲೇ ಇದ್ದಾರೆ, ಮೇಸ್ತ್ರಿಯ ಬೆನ್ನುಹತ್ತಿ.

ಆರಂಭಕ್ಕೆ ಒಂದೇ ಒಂದು ಸೀರೆ ಸಾಕು. ಅದರ ನೂಲು, ಬಣ್ಣ, ಜರಿ, ಕಂಡಿಕೆ ಸುತ್ತಿದ ಗಂಟೆ, ನೇಯ್ದ ದಿನ, ಕೊನೆಗೆ ಅಂಗಡಿಯಲ್ಲಿ ಕಟ್ಟಿದ ಬೆಲೆ, ಇಷ್ಟನ್ನೂ ಮನೆಮಂದಿ ತಮ್ಮ ಭಾಷೆಯಲ್ಲಿ ಒಂದು ಹಾಳೆಯ ಮೇಲೆ ಬರೆಯಲಿ. ಕಂಡಿಕೆ ಸುತ್ತಿದ ಗಂಟೆಯನ್ನು, ಸುತ್ತಿದವಳೇ ಬರೆಯಲಿ.