ಸವಾರನ ಉಡುಪು: ಮಳೆ, ಬೆವರು, ಘರ್ಷಣೆ

ಮೋಟಾರ್ ಸೈಕಲ್ಲಿನ ಮೇಲೆ ನಿತ್ಯವೂ ಕಾಲೇಜಿಗೋ ಕಚೇರಿಗೋ ಹೋಗಿಬರುವವರು ನಮ್ಮಲ್ಲಿ ಅಸಂಖ್ಯರು. ತಲೆಗೆ ಹೆಲ್ಮೆಟ್ ಬೇಕೆಂಬುದನ್ನು ಎಲ್ಲರೂ ಬಲ್ಲರು. ಮೈಯ ರಕ್ಷಣೆಯ ಕಡೆಗೆ ಗಮನ ಕೊಡುವವರು ಕಡಮೆ. ನೈಲಾನ್, ಪಾಲಿಯೆಸ್ಟರ್ ಎಳೆಗಳಿಂದ ನೆಯ್ದ ಸವಾರಿಯ ಜಾಕೆಟ್ಟುಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಕೆಲವು ಎಲ್ಲ ಋತುಗಳಿಗೂ ಒದಗುವುವೆಂಬ ಹೆಸರು ಪಡೆದಿವೆ. ಇಂಥ ಉಡುಪು ಮಾಡಬೇಕಾದ ಕೆಲಸಗಳು ಮೂರು: ಬಿದ್ದಾಗ ಮೈಯನ್ನು ಕಾಯಬೇಕು, ಮಳೆಯನ್ನು ತಡೆಯಬೇಕು, ಬೆವರನ್ನು ಹೊರಕ್ಕೆ ಬಿಡಬೇಕು. ಈ ಮೂರನ್ನೂ ಒಂದೇ ಬಟ್ಟೆ ಮಾಡಬಲ್ಲುದೆ? ನೋಡೋಣ.

ಮೊದಲು ಬೀಳುವುದನ್ನು ಕುರಿತು ಯೋಚಿಸೋಣ. ಗಂಟೆಗೆ 54 ಕಿಲೊಮೀಟರ್ ವೇಗವೆಂದರೆ ಸೆಕೆಂಡಿಗೆ 15 ಮೀಟರ್. ಈ ವೇಗದಲ್ಲಿರುವ 60 ಕಿಲೊಗ್ರಾಂ ತೂಕದ ಸವಾರನ ಚಲನಶಕ್ತಿ 6750 ಜೌಲ್. ಬಟ್ಟೆಗೂ ರಸ್ತೆಗೂ ನಡುವಣ ಘರ್ಷಣಾಂಕವನ್ನು 0.7 ಎಂದಿಟ್ಟುಕೊಂಡರೆ, ಅವನು ನಿಲ್ಲುವ ಮುನ್ನ ಸುಮಾರು 16 ಮೀಟರ್ ಉಜ್ಜಿಕೊಂಡು ಹೋಗುತ್ತಾನೆ. ಆ ಶಕ್ತಿಯ ಬಹುಪಾಲು ಬಟ್ಟೆ ರಸ್ತೆಗೆ ತಾಗುವೆಡೆಯಲ್ಲಿ ಶಾಖವಾಗಿಯೂ ಸವೆತವಾಗಿಯೂ ಮಾರ್ಪಡಬೇಕು. ತೆಳುವಾದ ಹತ್ತಿಯ ಅಂಗಿ ಇದನ್ನು ತಾಳಲಾರದು. ಅದು ಹರಿದ ಮೇಲೆ ಸವೆಯುವುದು ಚರ್ಮವೇ.

ಎಳೆಯ ದಪ್ಪವನ್ನು ಡೀನಿಯರ್ ಎಂಬ ಮಾನದಲ್ಲಿ ಹೇಳುತ್ತಾರೆ. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುವುದೋ ಅಷ್ಟು ಡೀನಿಯರ್. ಆದರೆ ನೆಯ್ಗೆ, ಹೊಲಿಗೆಗಳೂ ಮುಖ್ಯವಾದುದರಿಂದ ಈ ಸಂಖ್ಯೆಯೊಂದನ್ನೇ ನಂಬಲಾಗದು. ಯೂರೋಪಿನ ಇಎನ್ 17092 ಎಂಬ ಮಾನಕ ಇಡೀ ಉಡುಪನ್ನೇ ಪರೀಕ್ಷಿಸಿ ಎಎಎ, ಎಎ, ಎ ಮುಂತಾದ ವರ್ಗಗಳನ್ನು ಕೊಡುತ್ತದೆ. ಎಎಎ ಎಂಬುದು ಎಲ್ಲಕ್ಕಿಂತ ಬಲವಾದುದು. ಭುಜ, ಮೊಣಕೈಗಳಲ್ಲಿಡುವ ಮೆತ್ತೆಗಳಿಗೆ ಇಎನ್ 1621-1 ಎಂಬ ಬೇರೆ ಮಾನಕವುಂಟು. 50 ಜೌಲ್ ಶಕ್ತಿಯ ಹೊಡೆತ ಬಿದ್ದಾಗ ಮೆತ್ತೆಯನ್ನು ದಾಟಿ ಬರುವ ಬಲದ ಸರಾಸರಿ ಮೊದಲನೆಯ ಮಟ್ಟದಲ್ಲಿ 35 ಕಿಲೊನ್ಯೂಟನ್ನನ್ನೂ ಎರಡನೆಯದರಲ್ಲಿ 20 ಕಿಲೊನ್ಯೂಟನ್ನನ್ನೂ ಮೀರಬಾರದು.

ಇನ್ನು ಮಳೆ. 1969ರಲ್ಲಿ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಜಾತಿಯ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿದರೆ ಅದು ಸೂಕ್ಷ್ಮರಂಧ್ರಗಳುಳ್ಳ ಪೊರೆಯಾಗುವುದೆಂದು ಕಂಡನು. ನೀರು ಈ ವಸ್ತುವಿಗೆ ಅಂಟುವುದಿಲ್ಲ. ರಂಧ್ರ ಕಿರಿದಾದಷ್ಟೂ ಮೇಲ್ಮೈ ಎಳೆತವನ್ನು ಮೀರಿ ನೀರನ್ನು ಒಳನೂಕಲು ಹೆಚ್ಚಿನ ಒತ್ತಡ ಬೇಕು. ಆದುದರಿಂದ ಮಳೆಹನಿ ಹೊರಗೇ ಉಳಿಯುತ್ತದೆ. ಬಿಡಿ ಬಿಡಿ ಅಣುಗಳಾಗಿರುವ ಬೆವರಿನ ಆವಿ ಮಾತ್ರ ನುಸುಳಿ ಹೋಗಬಲ್ಲುದು.

ಆದರೆ ಆವಿ ತಾನಾಗಿ ಹೊರಕ್ಕೆ ಹೋಗದು. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿರಬೇಕು. 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒದ್ದೆ ಚರ್ಮದ ಬಳಿ ಅದು 5.6 ಕಿಲೊಪಾಸ್ಕಲ್. ಬೆಂಗಳೂರಿನ ಚಳಿಗಾಲದ ಬೆಳಗ್ಗೆ 16 ಡಿಗ್ರಿ, 80 ಶೇಕಡ ಆರ್ದ್ರತೆ ಎಂದಿಟ್ಟುಕೊಂಡರೆ ಹೊರಗಿನ ಒತ್ತಡ ಸುಮಾರು 1.5, ವ್ಯತ್ಯಾಸ 4.1. ಮಂಗಳೂರಿನ ಮಳೆಗಾಲದಲ್ಲಿ 27 ಡಿಗ್ರಿ, 90 ಶೇಕಡ ಎಂದುಕೊಂಡರೆ ಹೊರಗೆ 3.2, ವ್ಯತ್ಯಾಸ 2.4 ಮಾತ್ರ. ಎಲ್ಲಿ ಬೆವರು ಹೆಚ್ಚೋ ಅಲ್ಲಿಯೇ ಪೊರೆಯ ಪ್ರಯೋಜನ ಕಡಮೆ! ಮೇಲಿನ ಬಟ್ಟೆ ನೀರು ಕುಡಿದರಂತೂ ಆವಿಯ ದಾರಿ ಇನ್ನೂ ಕಟ್ಟುತ್ತದೆ.

ಕಲಬುರಗಿಯ ಬೇಸಗೆಯ ಸಮಸ್ಯೆ ಬೇರೆ. ಅಲ್ಲಿ ಗಾಳಿ ಚರ್ಮಕ್ಕಿಂತ ಬಿಸಿ, ಆದರೆ ಒಣದು. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2400 ಜೌಲ್ ಶಾಖವನ್ನು ಹೀರುವುದರಿಂದ, ಗಾಳಿಯಾಡುವ ಜಾಲರಿ ಬಟ್ಟೆಯೇ ಮೈಯನ್ನು ತಂಪಾಗಿಡುತ್ತದೆ.

ಹಾಗಾದರೆ ಆಯ್ಕೆ ಹೇಗೆ? ಆಮೇಲೆ ಸೇರಿಸಿಕೊಳ್ಳಬಹುದಾದುದು ಯಾವುದು, ಸೇರಿಸಿಕೊಳ್ಳಲಾಗದುದು ಯಾವುದು ಎಂದು ಕೇಳಿಕೊಳ್ಳಬೇಕು. ಮಳೆ ಬಂದರೆ ಜಾಕೆಟ್ಟಿನ ಮೇಲೆ ರೇನ್‌ಕೋಟು ತೊಡಬಹುದು; ಚಳಿಯಾದರೆ ಒಳಗೆ ಸ್ವೆಟರು ಹಾಕಬಹುದು. ಬೀಳುವ ಗಳಿಗೆಯಲ್ಲಿ ಬಟ್ಟೆಗೆ ಬಲ ತುಂಬಲಾಗದು. ಆದುದರಿಂದ ಮೊದಲು ನೋಡಬೇಕಾದುದು ಸವೆತವನ್ನು ತಾಳುವ ಶಕ್ತಿ ಮತ್ತು ಮೆತ್ತೆಗಳು, ಬಳಿಕ ನಮ್ಮ ಊರಿನ ಹವೆಗೆ ತಕ್ಕ ಗಾಳಿಯಾಟ, ಕೊನೆಯದಾಗಿ ಮಳೆ. ಕೊಳ್ಳುವಾಗ ಹ್ಯಾಂಡಲ್ ಹಿಡಿದಂತೆ ಕೈ ಮಡಿಸಿ, ಮೆತ್ತೆ ಮೊಣಕೈಯ ಮೇಲೆಯೇ ನಿಲ್ಲುವುದೋ ಜರುಗುವುದೋ ಪರೀಕ್ಷಿಸಬೇಕು.

ಸೆಕೆಯೆಂದು ಗೂಟಕ್ಕೆ ನೇತುಹಾಕಿದ ಜಾಕೆಟ್ಟು ಎಷ್ಟೇ ಬಲವಾಗಿದ್ದರೂ ಯಾರನ್ನೂ ಕಾಯದು. ನಿತ್ಯವೂ ತೊಡಲು ಮನಸ್ಸೊಪ್ಪುವ ಉಡುಪೇ ಸವಾರನಿಗೆ ನಿಜವಾದ ರಕ್ಷೆ.