ಮನೆಯ ಭಂಡಾರ, ಸ್ವಂತ ಬೀಗದ ಕೈ

ನನ್ನಂತೆ ದೃಷ್ಟಿಯಿಲ್ಲದೆ ಸ್ಕ್ರೀನ್ ರೀಡರಿನ ಧ್ವನಿಯನ್ನೇ ಆಶ್ರಯಿಸಿ ಓದುಬರಹ ನಡೆಸತಕ್ಕವರ ಮನೆಯಲ್ಲಿ ಗ್ರಂಥಸಂಗ್ರಹವೆಂದರೆ ಹಾರ್ಡ್ ಡಿಸ್ಕುಗಳ ಸಂಗ್ರಹವೆಂದೇ ಅರ್ಥ. ಡೇಸಿ ರೂಪದ ಧ್ವನಿಪುಸ್ತಕಗಳು, ಸ್ಕ್ಯಾನ್ ಮಾಡಿಸಿ ಪಠ್ಯವಾಗಿಸಿಕೊಂಡ ಕಾದಂಬರಿಗಳು, ರೇಡಿಯೋದಿಂದ ಧ್ವನಿಮುದ್ರಿಸಿಕೊಂಡ ಕಛೇರಿಗಳು, ತೀರಿಕೊಂಡ ಹಿರಿಯರ ಮಾತುಗಳು, ಇವೆಲ್ಲ ಡಿಸ್ಕಿನಿಂದ ಡಿಸ್ಕಿಗೆ ಚದುರಿ, ಬೇಕಾದುದು ಬೇಕಾದಾಗ ದೊರೆಯದಂತಾದ ಮೇಲೆ, ಮನೆಯ ಯಾವ ಕಂಪ್ಯೂಟರಿನಿಂದಾದರೂ ತೆರೆಯಲು ಬರುವಂಥ ನೆಟ್‌ವರ್ಕ್ ಭಂಡಾರವೊಂದು, ಬಳಕೆಯ ಮಾತಿನ ‘ನ್ಯಾಸ್’, ನಮಗೂ ಅವಶ್ಯವೆಂದು ನಿಶ್ಚಯಿಸಿದೆನು. ಅದನ್ನು ಆರಿಸುವಾಗ ಮನವರಿಕೆಯಾದ ಸಂಗತಿಗಳನ್ನು, ಇದೇ ದಾರಿಯಲ್ಲಿ ಹೊರಟಿರುವ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನ್ಯಾಸಿನೊಡನೆ ನಮಗಿರುವ ವ್ಯವಹಾರ ಎರಡು ಬಗೆಯದು: ನಿತ್ಯದ ಬಳಕೆ ಒಂದು, ಆಡಳಿತ ಇನ್ನೊಂದು. ನಿತ್ಯದ ಬಳಕೆಯಲ್ಲಿ ವಿಶೇಷ ತೊಡಕಿಲ್ಲ. 1992ರಲ್ಲಿ ಆಸ್ಟ್ರೇಲಿಯದ ಆ್ಯಂಡ್ರೂ ಟ್ರಿಡ್ಜೆಲ್ ಆರಂಭಿಸಿದ ಸಾಂಬಾ ತಂತ್ರಾಂಶದ ದೆಸೆಯಿಂದ, ಲಿನಕ್ಸ್ ಯಂತ್ರದೊಳಗಿನ ಫೋಲ್ಡರು ವಿಂಡೋಸಿನಲ್ಲಿ ಒಂದು ಡ್ರೈವಾಗಿ ಬಂದು ನಿಲ್ಲುತ್ತದೆ. 2006ರಲ್ಲಿ ಅದೇ ದೇಶದಲ್ಲಿ ಹುಟ್ಟಿ ಉಚಿತವಾಗಿ ದೊರೆಯುತ್ತಿರುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರು ಅದನ್ನು ಕಂಪ್ಯೂಟರಿನ ಸ್ವಂತ ಫೋಲ್ಡರಿನಂತೆಯೇ ಓದಿ ಹೇಳುತ್ತದೆ. ಅಂಗಡಿಗಳಲ್ಲಿ ವರ್ಣನೆ ಕೇಳಿಬರುವುದು ಈ ಭಾಗದ ಮಟ್ಟಿಗೆ ಮಾತ್ರ. ಡಿಸ್ಕುಗಳನ್ನು ಜೋಡಿಸುವುದು, ಮನೆಯವರಿಗೆ ಬೇರೆ ಬೇರೆ ಖಾತೆ ಕೊಡುವುದು, ಕೆಟ್ಟ ಡಿಸ್ಕನ್ನು ಗುರುತಿಸಿ ಬದಲಿಸುವುದು ಮುಂತಾದ ಆಡಳಿತವೆಲ್ಲ ಸಾಮಾನ್ಯವಾಗಿ ಬ್ರೌಸರಿನ ಪುಟವೊಂದರಲ್ಲಿ ನಡೆಯತಕ್ಕದ್ದು. ಯಂತ್ರದ ಯೋಗ್ಯತೆಯನ್ನು ನಾವು ಅಳೆಯಬೇಕಾದದ್ದು ಅಲ್ಲಿ.

ಪರಿಚಿತರ ಮನೆಯಲ್ಲಿದ್ದ ಒಂದು ಯಂತ್ರವನ್ನು ಹಾಗೆ ಪರೀಕ್ಷಿಸಿ ನೋಡಿದೆ. ಬಿ ಅಕ್ಷರವನ್ನೊತ್ತಿ ಗುಂಡಿಯಿಂದ ಗುಂಡಿಗೆ ಸರಿಯುತ್ತ ಹೋದರೆ ‘ಬಟನ್, ಬಟನ್, ಬಟನ್’ ಎಂಬಷ್ಟೇ ಉಚ್ಚಾರ. ಡಿಸ್ಕುಗಳ ಪಟ್ಟಿಯಲ್ಲಿ ಗುರುತು ಹಾಕುವ ಚೌಕಗಳು ಬರಿಯ ಚಿತ್ರಗಳಾದ್ದರಿಂದ ಯಾವ ಡಿಸ್ಕು ಆಯ್ಕೆಯಾಗಿದೆಯೆಂಬುದು ತಿಳಿಯುವಂತಿರಲಿಲ್ಲ. ಅಳಿಸುವ ಗುಂಡಿಗೂ ಉಳಿಸುವ ಗುಂಡಿಗೂ ಹೆಸರೇ ಇಲ್ಲದ ಸ್ಥಳದಲ್ಲಿ ಜೀವಮಾನದ ಸಂಗ್ರಹವನ್ನು ಒಪ್ಪಿಸುವುದಾದರೂ ಹೇಗೆ? ಪುಟದ ಪ್ರತಿಯೊಂದು ಅಂಗಕ್ಕೂ ಹೆಸರು, ಪಾತ್ರ, ಸ್ಥಿತಿಗಳನ್ನು ಕೊಡುವ ಏರಿಯಾ ವಿಧಾನವು 2014ರಲ್ಲಿಯೇ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಶಿಫಾರಸಾಗಿ ಪ್ರಕಟವಾಗಿರುವಾಗ, ಈ ಕೊರತೆಯನ್ನು ತಂತ್ರಜ್ಞಾನದ ಮಿತಿಯೆಂದು ನಾನು ಒಪ್ಪಲಾರೆ.

“ಸೆಟಪ್ಪೆಲ್ಲಾ ನಮ್ಮ ಹುಡುಗ ಬಂದು ಮಾಡ್ಕೊಡ್ತಾನೆ ಸಾರ್, ನಿಮಗ್ಯಾಕೆ ತೊಂದರೆ?” ಎಂದರು ಅಂಗಡಿಯವರು. ಅವರ ಸೌಜನ್ಯ ನಿಜವಾದದ್ದು. ಆದರೆ ಡಿಸ್ಕು ಯಾವ ರಾತ್ರಿ ಕೆಟ್ಟೀತೆಂದು ಯಾರೂ ಹೇಳಲಾರರು. ಖಾಸಗಿ ಪತ್ರಗಳೂ ಬ್ಯಾಂಕಿನ ಕಾಗದಗಳೂ ಇರುವ ಭಂಡಾರದ ಬೀಗದ ಕೈ ಮನೆಯವನ ಬಳಿಯಲ್ಲೇ ಇರಬೇಕಾದದ್ದು ನ್ಯಾಯ. ಆದಕಾರಣ ಕೊಳ್ಳುವ ಮೊದಲು, ಕೆಲವು ತಯಾರಕರು ಬ್ರೌಸರಿನಲ್ಲಿ ಪ್ರಯೋಗಕ್ಕೆಂದು ಒದಗಿಸುವ ಡೆಮೊ ತೆರೆದು, ಮೌಸನ್ನು ಮುಟ್ಟದೆ ಒಂದು ಖಾತೆಯನ್ನು ಸೃಷ್ಟಿಸಿ, ಒಂದು ಫೋಲ್ಡರನ್ನು ಹಂಚಿ, ಡಿಸ್ಕಿನ ಆರೋಗ್ಯದ ವರದಿಯನ್ನು ಓದಿಸಿ ನೋಡಬೇಕು. ಟ್ರೂನ್ಯಾಸ್, ಓಪನ್‌ಮೀಡಿಯಾವಾಲ್ಟ್ ಎಂಬ ನ್ಯಾಸ್ ತಂತ್ರಾಂಶಗಳನ್ನಾದರೆ ವರ್ಚುವಲ್ ಯಂತ್ರದಲ್ಲಿ ಸ್ಥಾಪಿಸಿಯೇ ಪರೀಕ್ಷಿಸಬಹುದು.

ಕಡೆಗೆ ನಾನು ಹಿಡಿದದ್ದು ಬ್ರೌಸರಿನ ಹಂಗಿಲ್ಲದ ಮಾರ್ಗವನ್ನು: ಎರಡು ಡಿಸ್ಕುಗಳಿಗೆ ಸ್ಥಳವಿರುವ ಸಾಧಾರಣ ಕಂಪ್ಯೂಟರು, ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್. ಡೆಬಿಯನ್ನಿನ ಸ್ಥಾಪನೆಯ ಆರಂಭದಲ್ಲಿ ಬೀಪ್ ಕೇಳಿಸಿದಾಗ ಎಸ್ ಒತ್ತಿ ಎಂಟರ್ ಕೊಟ್ಟರೆ ಮುಂದಿನ ಪ್ರಶ್ನೆಗಳೆಲ್ಲ ಧ್ವನಿಯಲ್ಲೇ ಬರುತ್ತವೆ. ಅನ್ಯರ ಕಣ್ಣಿನ ನೆರವು ಬೇಡ. ಆಮೇಲೆ ಮಾನಿಟರೂ ಕೀಬೋರ್ಡೂ ಇಲ್ಲದೆ ಅದನ್ನು ಒಂದು ಮೂಲೆಯಲ್ಲಿರಿಸಿ, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ ಕಮ್ಯಾಂಡುಗಳನ್ನು ಬರೆದು ನಡೆಸಬಹುದು. ಕಲಿಯಲು ಶ್ರಮವುಂಟು, ಆದರೆ ಇಲ್ಲಿ ಪ್ರಶ್ನೆಯೂ ಅಕ್ಷರ, ಉತ್ತರವೂ ಅಕ್ಷರವಾದುದರಿಂದ, ಕಣ್ಣುಳ್ಳವನಿಗೆ ದೊರೆಯುವ ಪಠ್ಯವೇ ಯಾವ ಲೋಪವೂ ಇಲ್ಲದೆ ನನಗೂ ದೊರೆಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಎರಡು ಡಿಸ್ಕುಗಳೂ ಒಂದೇ ಸಂಗತಿಯನ್ನು ಹೊತ್ತಿರುವ ರೇಡ್ 1ರಲ್ಲಿ ಅವುಗಳ ಕ್ಷೇಮವನ್ನು ವಿಚಾರಿಸಿದರೆ, ಸ್ವಸ್ಥವಾಗಿದ್ದಾಗ ‘ಯು’ ಅಕ್ಷರ ಎರಡು ಸಲ ಬರುತ್ತದೆ. ಒಂದು ಕೆಟ್ಟಿದ್ದರೆ ಅದರ ಸ್ಥಾನದಲ್ಲಿ ಅಂಡರ್‌ಸ್ಕೋರ್ ಇರುತ್ತದೆ. ವಿರಾಮಚಿಹ್ನೆಗಳ ಸಾಮಾನ್ಯ ಮಟ್ಟದಲ್ಲಿ ಎನ್‌ವಿಡಿಎ ಈ ಅಂಡರ್‌ಸ್ಕೋರನ್ನು ಉಚ್ಚರಿಸದೆ ದಾಟಿಬಿಡುವುದರಿಂದ, ಅಲ್ಲಿ ಒಂದೊಂದೇ ಅಕ್ಷರವಾಗಿ ಸರಿದು ಕೇಳಬೇಕು, ಇಲ್ಲವೆ ಪಕ್ಕದಲ್ಲಿರುವ 2/2, 2/1 ಎಂಬ ಅಂಕಿಗಳಿಗೆ ಕಿವಿಗೊಡಬೇಕು. ದೀಪದ ಬಣ್ಣವೊಂದರಿಂದಲೇ ಅಪಾಯವನ್ನು ಸೂಚಿಸುವ ಯಂತ್ರ ನಮಗೆ ಒದಗದು. ಇಲ್ಲಿ ಎಂಡಿಎಡಿಎಂ, ಸ್ಮಾರ್ಟ್‌ಡಿ ಎಂಬ ತಂತ್ರಾಂಶಗಳು, ಮೊದಲೇ ಅಣಿಮಾಡಿಟ್ಟಿದ್ದರೆ, ಇಮೇಲ್ ಮೂಲಕ ತಿಳಿಸುತ್ತವೆ.

ಕೆಟ್ಟದ್ದು ಎರಡರಲ್ಲಿ ಯಾವುದೆಂದು ಕೈಗೆ ತಿಳಿಯುವುದು ಹೇಗೆಂಬುದು ಮತ್ತೊಂದು ಪ್ರಶ್ನೆ. ಪ್ರತಿ ಡಿಸ್ಕಿನ ಸೀರಿಯಲ್ ನಂಬರನ್ನು ಕಮ್ಯಾಂಡಿನಿಂದಲೇ ಕೇಳಿ ತಿಳಿಯಬಹುದು. ಅದರ ಕಡೆಯ ನಾಲ್ಕು ಅಕ್ಷರಗಳನ್ನು ಬ್ರೈಲ್ ಪಟ್ಟಿಯಲ್ಲಿ ಕೊರೆದು ಆಯಾ ಡಿಸ್ಕಿನ ಟ್ರೇಗೆ ಮೊದಲ ದಿನವೇ ಅಂಟಿಸಿದ್ದೇನೆ. ಇಮೇಲ್ ಯಾವ ಡಿಸ್ಕನ್ನು ದೂರುವುದೋ ಅದನ್ನೇ ಬೆರಳು ಗುರುತಿಸಿ ಹೊರತೆಗೆಯಬಲ್ಲದು.

ರೇಡ್ ಇದ್ದಮಾತ್ರಕ್ಕೆ ಬ್ಯಾಕಪ್ ಆಯಿತೆಂದು ತಿಳಿಯಲಾಗದು. ಒಂದು ಡಿಸ್ಕಿನಲ್ಲಿ ಅಳಿಸಿದ ಹಾಡು ಆ ಕ್ಷಣದಲ್ಲೇ ಇನ್ನೊಂದರಲ್ಲೂ ಅಳಿದಿರುತ್ತದೆ. ಆದ್ದರಿಂದ ಆರ್‌ಸಿಂಕ್ ಕಮ್ಯಾಂಡಿನಿಂದ ಎಲ್ಲದರ ಪ್ರತಿಯನ್ನೂ ಯುಎಸ್‌ಬಿ ಡಿಸ್ಕೊಂದಕ್ಕೆ ತೆಗೆಯುತ್ತೇನೆ. ಅದು ಹಾಸನದಲ್ಲಿ ತಂಗಿಯ ಮನೆಯಲ್ಲಿರುತ್ತದೆ. ಹಬ್ಬಕ್ಕೆ ಬರುವಾಗ ಅವಳು ತರುತ್ತಾಳೆ, ಹೊಸ ಕಡತಗಳನ್ನು ತುಂಬಿಸಿಕೊಂಡು ಹಿಂದಕ್ಕೆ ಒಯ್ಯುತ್ತಾಳೆ.